ಆಳದ ಮಾಲೀಸು: ಮುನ್ನಾದಿನದ ಸಿದ್ಧತೆ, ನಂತರದ ಎರಡು ದಿನಗಳ ಎಚ್ಚರ

ಸುಗ್ಗಿಯ ದಿನಗಳಲ್ಲಿ ಹಲವಾಗಲು ಮತ್ತು ಸುತ್ತಲಿನ ಗ್ರಾಮಗಳಿಂದ ಮೆಕ್ಕೆಜೋಳ, ಭತ್ತ, ಶೇಂಗಾ ಚೀಲಗಳು ಮಾರುಕಟ್ಟೆ ಪ್ರಾಂಗಣಗಳತ್ತ ಹೊರಡುತ್ತವೆ. ಚೀಲ ಹೊತ್ತ ಹಮಾಲರ ಸೊಂಟಕ್ಕೆ ಎಷ್ಟು ಶ್ರಮವೋ, ದಿನವಿಡೀ ಗಲ್ಲಾದ ಮುಂದೆ ಬಾಗಿ ಕುಳಿತ ವರ್ತಕರ ಕುತ್ತಿಗೆ ಮತ್ತು ಬೆನ್ನಿಗೂ ತನ್ನದೇ ಆದ ಶ್ರಮವುಂಟು. ನೋವು ಹೆಚ್ಚಾದಾಗ ಇಬ್ಬರೂ ಮೊರೆಹೋಗುವುದು ಮಾಲೀಸಿಗೆ. ಆದರೆ ಒಂದು ಗಂಟೆಯ ಮಾಲೀಸಿನ ಫಲ ಉಳಿಯುವುದೂ ಕೆಡುವುದೂ ಅದರ ಹಿಂದುಮುಂದಿನ ದಿನಗಳಲ್ಲಿ ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ.

ಎಣ್ಣೆಸ್ನಾನವೇ ಬೇರೆ, ಇದೇ ಬೇರೆ

ನರಕ ಚತುರ್ದಶಿಯ ಅಭ್ಯಂಜನ ನಮ್ಮೆಲ್ಲರಿಗೂ ಪರಿಚಿತ. ಅದರಲ್ಲಿ ಎಣ್ಣೆ ಮುಖ್ಯ, ಒತ್ತಡ ಹಗುರ. 'ಡೀಪ್ ಟಿಶ್ಯೂ ಮಸಾಜ್' ಎಂದು ಇಂದು ಕರೆಯಲಾಗುವ ಆಳದ ಮಾಲೀಸಿನಲ್ಲಿ ಹೆಬ್ಬೆರಳು, ಮುಷ್ಟಿ ಹಾಗೂ ಮೊಣಕೈಯಿಂದ ನಿಧಾನವಾಗಿ ಒತ್ತಿ, ಸ್ನಾಯುಗಳ ಒಳಪದರ ಮತ್ತು ಅವುಗಳನ್ನು ಸುತ್ತುವರಿದ ಪೊರೆಯ ಬಿಗಿತವನ್ನು ಸಡಿಲಿಸಲಾಗುತ್ತದೆ. ಗರಡಿ ಮನೆಗಳಲ್ಲಿ ಪೈಲ್ವಾನರಿಗೆ ಮಾಡುವ ಗಟ್ಟಿ ಮಾಲೀಸು ಇದಕ್ಕೆ ಸಮೀಪದ್ದು. ಪೈಲ್ವಾನರ ಪಳಗಿದ ದೇಹ ತಡೆಯುವ ಒತ್ತಡವನ್ನು ಐವತ್ತು ದಾಟಿದ, ಮಧುಮೇಹವಿರುವ ವರ್ತಕರ ದೇಹ ತಡೆಯುವುದೆಂದು ಭಾವಿಸಲಾಗದು.

ಮೊದಲು ವೈದ್ಯರ ಸಲಹೆ

ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಇತಿಹಾಸವಿರುವವರು, ಮೂಳೆ ಸವೆತವಿರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು, ಗರ್ಭಿಣಿಯರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ವೈದ್ಯರನ್ನು ಕೇಳದೆ ಮುಂದುವರಿಯಬಾರದು. ಮಧುಮೇಹದಿಂದ ಪಾದಗಳ ಸ್ಪರ್ಶಜ್ಞಾನ ಕುಂದಿದ್ದರೆ ಒತ್ತಡ ಮಿತಿಮೀರಿದರೂ ತಿಳಿಯದು. ಜ್ವರ, ಗಾಯ, ಚರ್ಮದ ಸೋಂಕು ಇದ್ದಾಗ ಮುಂದೂಡುವುದೇ ಲೇಸು. ಕಾಲು ಮರಗಟ್ಟುವುದು ಅಥವಾ ಬಲ ಕುಂದುವುದು, ಮಲಮೂತ್ರಗಳ ಹಿಡಿತ ತಪ್ಪುವುದು ಕಂಡುಬಂದಲ್ಲಿ ಅದು ಮಾಲೀಸಿನ ವಿಷಯವೇ ಅಲ್ಲ. ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಸಿದ್ಧತೆ

ಹೊಟ್ಟೆ ತುಂಬಿರಬಾರದು, ತೀರ ಹಸಿದೂ ಇರಬಾರದು. ಒಂದೆರಡು ಗಂಟೆ ಮೊದಲು ಲಘು ಆಹಾರ ಸಾಕು. ಅಜೀರ್ಣವಿರುವವರಿಗೆ ಅಭ್ಯಂಗ ಸಲ್ಲದೆಂದು ವಾಗ್ಭಟನ 'ಅಷ್ಟಾಂಗ ಹೃದಯ'ವೂ ಹೇಳಿದೆ. ಎಂದಿನಂತೆ ನೀರು ಕುಡಿಯಬೇಕು, ಮದ್ಯ ವರ್ಜಿಸಬೇಕು. ನೋವು ನಿವಾರಕ ಮಾತ್ರೆ ನುಂಗಿ ಹೋಗುವ ಅಭ್ಯಾಸ ಒಳ್ಳೆಯದಲ್ಲ. ನೋವೇ ತಿಳಿಯದಿದ್ದರೆ ಒತ್ತಡ ಹೆಚ್ಚಾದುದೂ ತಿಳಿಯುವುದಿಲ್ಲ. ನೋವಿನ ಜಾಗ, ಹಳೆಯ ಪೆಟ್ಟು, ಸೇವಿಸುತ್ತಿರುವ ಔಷಧಗಳನ್ನು ಮೊದಲೇ ತಿಳಿಸಬೇಕು.

ಮಾಲೀಸಿನ ವೇಳೆ ಹಿತವಾದ ನೋವು ಸಹಜ. ಉಸಿರು ಬಿಗಿಹಿಡಿಯುವಷ್ಟು, ಮೈ ಸೆಟೆಯುವಷ್ಟು ನೋವಾದರೆ ಕೂಡಲೇ ನಿಲ್ಲಿಸಲು ಹೇಳಬೇಕು. ಸ್ನಾಯು ಸೆಟೆದಾಗ ಒತ್ತುವುದರಿಂದ ಪ್ರಯೋಜನಕ್ಕಿಂತ ಹಾನಿಯೇ ಅಧಿಕ. ಲಟಿಕೆ ಬರುವಂತೆ ಕುತ್ತಿಗೆಯನ್ನು ತಟ್ಟನೆ ತಿರುಗಿಸಲು ಅವಕಾಶ ಕೊಡಲೇಬಾರದು.

ನಂತರದ ಎರಡು ದಿನಗಳು

ಮಾಲೀಸಾದ ಬಳಿಕ ಒಂದೆರಡು ದಿನ ಮೈ ಕೈ ನೋಯುವುದು ಸಾಮಾನ್ಯ. ಸಾವಕಾಶವಾಗಿ ಎದ್ದು ಕುಳಿತು, ತಲೆಸುತ್ತು ಇಲ್ಲವೆಂದು ಖಚಿತವಾದ ಮೇಲೆಯೇ ದ್ವಿಚಕ್ರ ವಾಹನ ಏರಬೇಕು. ಬಿಸಿನೀರಿನ ಸ್ನಾನ, ಸ್ವಲ್ಪ ನಡಿಗೆ, ಒಳ್ಳೆಯ ನಿದ್ರೆ ಹಿತಕರ. ಭಾರ ಎತ್ತುವುದು, ದೀರ್ಘ ಪ್ರಯಾಣ ಬೇಡ. ಮಾಲೀಸಿನಿಂದ ದೇಹದ 'ವಿಷ' ಹೊರಹೋಗುತ್ತದೆಂಬ ಮಾತಿಗೆ ಆಧಾರವಿಲ್ಲ. ಆ ಕೆಲಸವನ್ನು ಯಕೃತ್ತು ಮತ್ತು ಮೂತ್ರಪಿಂಡಗಳು ಸದಾ ಮಾಡುತ್ತಲೇ ಇರುತ್ತವೆ. ಒಂದೇ ಮೀನಖಂಡದಲ್ಲಿ ಬಾವು, ಉಸಿರಾಟದ ತೊಂದರೆ, ಕಡುಗಂದು ಬಣ್ಣದ ಮೂತ್ರ ಕಂಡರೆ ತಕ್ಷಣ ವೈದ್ಯರನ್ನು ಕಾಣಬೇಕು. ನೋವು ಮೂರನೆಯ ದಿನವೂ ಏರುತ್ತಿದ್ದರೆ ಅದನ್ನೂ ತೋರಿಸಬೇಕು.

ಅಂಗಡಿಯ ಲೆಕ್ಕದಲ್ಲಿ

ಸೊಂಟ ಹಿಡಿದ ಹಮಾಲನಿಗೆ ಸಂಜೆ ಮಾಲೀಸು ಮಾಡಿಸಿ, ಮರುದಿನ ಬೆಳಿಗ್ಗೆಯೇ ಲಾರಿ ತುಂಬಿಸಲು ಕರೆಸುವುದು ಎರಡು ಬಗೆಯ ನಷ್ಟ. ಮಾಲೀಸಿನ ಹಣವೂ ವ್ಯರ್ಥ, ಇನ್ನೂ ನೋಯುತ್ತಿರುವ ಸೊಂಟ ಮತ್ತೆ ಉಳುಕಿದರೆ ವಾರಗಟ್ಟಲೆ ಆಳೂ ಇಲ್ಲ. ದಿನಗೂಲಿಯವನು ವಿಶ್ರಾಂತಿ ಪಡೆಯಲಾರದಿರುವುದು ಆಲಸ್ಯದ ಭಯದಿಂದಲ್ಲ, ಕೂಲಿ ತಪ್ಪುವ ಭಯದಿಂದ. ಆದುದರಿಂದ ಮಾರುಕಟ್ಟೆಯ ರಜೆಯ ಮುನ್ನಾದಿನ ಮಾಲೀಸಿಗೆ ಕಳುಹಿಸಿ, ಮುಂದಿನ ದಿನ ತೂಕದ ಚೀಟಿ ಬರೆಯುವ, ಚೀಲ ಹೊಲಿಯುವ ಹಗುರ ಕೆಲಸವನ್ನು ಅದೇ ಕೂಲಿಗೆ ಕೊಡುವುದು ಲಾಭದಾಯಕ.

ಮಾಲೀಸು ತಾತ್ಕಾಲಿಕ ಉಪಶಮನವೆಂಬುದನ್ನೂ ಮರೆಯುವಂತಿಲ್ಲ. ದೀರ್ಘಕಾಲದ ಸೊಂಟನೋವಿನ ಕುರಿತು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ವ್ಯಾಯಾಮ, ರೋಗಿಗೆ ತಿಳಿವಳಿಕೆ ನೀಡುವಿಕೆಗಳೊಂದಿಗೆ ಮಾಲೀಸಿಗೂ ಸ್ಥಾನವಿದೆ. ಸೊಂಟದ ಪಟ್ಟಿಯನ್ನು ಮಾತ್ರ ಅದು ಶಿಫಾರಸು ಮಾಡಿಲ್ಲ. ವಯಸ್ಕ ಪುರುಷನೊಬ್ಬನು ಹೊರುವ ಗರಿಷ್ಠ ಭಾರ 55 ಕಿಲೋಗ್ರಾಂ ಮೀರಿದ್ದಲ್ಲಿ ಅದನ್ನು ಆದಷ್ಟು ಬೇಗ ಆ ಮಟ್ಟಕ್ಕೆ ಇಳಿಸಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲಿಯೇ ಶಿಫಾರಸು ಮಾಡಿದೆ. ಕ್ವಿಂಟಾಲ್ ಚೀಲವನ್ನು ಎರಡಾಗಿಸುವುದು, ಒಂದು ಕೈಗಾಡಿ ಕೊಳ್ಳುವುದು ಹಲವು ಮಾಲೀಸುಗಳಿಗಿಂತ ಅಗ್ಗದ ಔಷಧಗಳಾಗಿವೆ.