ಹತ್ತನೇ ಕ್ಲಾಸಿನ ಮುಂದಿನ ದಾರಿಗೆ ಎಂಟನೇ ಕ್ಲಾಸಿನಲ್ಲೇ ತಯಾರಿ

ನಮ್ಮದು ಕೊಪ್ಪಳ ಜಿಲ್ಲೆಯ ಕುಷ್ಟಗಿ ಕಡೆಯ ಒಣಬೇಸಾಯ. ಒಟ್ಟು ಎಂಟು ಎಕರೆ. ಮೂರು ಎಕರೆ ಎರಿ, ಉಳಿದದ್ದು ಮಸಾರಿ. ಮುಂಗಾರಿಗೆ ಹೆಸರು, ಸಜ್ಜೆ, ಶೇಂಗಾ. ಹಿಂಗಾರಿಗೆ ಎರಿಯಲ್ಲಿ ಕಡಲೆ, ಬಿಳಿಜೋಳ. ಬೋರ್‌ವೆಲ್ ಇಲ್ಲ, ಹಾಕಿಸುವ ಆಸೆಯೂ ಇಲ್ಲ. ಈ ಪುಟಗಳಲ್ಲಿ ಬೆಳೆ ಬಗ್ಗೆ ಬರೆಯುವುದು ವಾಡಿಕೆ. ಈ ಸಲ ಮಕ್ಕಳ ಓದಿನ ಬಗ್ಗೆ ಬರೆಯುತ್ತಿದ್ದೇನೆ. ಯಾಕೆಂದರೆ ಮನೆಯಲ್ಲಿ ಒಂದು ಮಗು ಹತ್ತನೇ ಕ್ಲಾಸು ಮುಗಿಸುವ ವರ್ಷ ನಮ್ಮಂಥವರ ಹೊಲದ ಲೆಕ್ಕವೆಲ್ಲ ಏರುಪೇರಾಗುತ್ತದೆ. ನಾನು ಓದಿದ್ದು ಏಳನೇ ಕ್ಲಾಸು. ಮಗ, ಮಗಳು ಇಬ್ಬರನ್ನೂ ಹೈಸ್ಕೂಲು ದಾಟಿಸಿದ್ದೇನೆ. ಈಗ ತಮ್ಮನ ಮಗ ಒಂಬತ್ತನೇ ಕ್ಲಾಸಿನಲ್ಲಿದ್ದಾನೆ, ಅವನ ಜವಾಬ್ದಾರಿಯೂ ನನ್ನದೇ.

ಮೊದಲು ಒಂದು ಲೆಕ್ಕ ನೋಡಿ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚ್-ಏಪ್ರಿಲ್‌ನಲ್ಲಿ. ಫಲಿತಾಂಶ ಬಂದ ಮೇಲೆ ಪಿಯುಸಿ, ಐಟಿಐ, ಡಿಪ್ಲೊಮಾ ಎಲ್ಲಕ್ಕೂ ಅರ್ಜಿ ಹಾಕಿ ಫೀ ಕಟ್ಟುವುದು ಮೇಯಿಂದ ಜುಲೈವರೆಗೆ. ಅದೇ ಹೊತ್ತಿಗೆ ರೋಹಿಣಿ, ಮೃಗಶಿರ ಮಳೆ. ಬೀಜ ತರಬೇಕು, ಗೊಬ್ಬರ ತರಬೇಕು, ಗಳೇದ ಬಾಡಿಗೆ ಕೊಡಬೇಕು. ನಮಗೆ ದುಡ್ಡು ಕಾಣುವುದು ಯಾವಾಗ? ಹೆಸರು ಬಂದರೆ ಆಗಸ್ಟ್-ಸೆಪ್ಟೆಂಬರ್, ಶೇಂಗಾ ನವೆಂಬರ್, ಕಡಲೆ ಫೆಬ್ರುವರಿ. ಮನೆಯಲ್ಲಿ ಕಾಳೂ ಇಲ್ಲ, ಕಾಸೂ ಇಲ್ಲ ಅನ್ನುವ ಹೊತ್ತಿಗೇ ಮಗುವಿನ ಮುಂದಿನ ದಾರಿ ತೀರ್ಮಾನ ಆಗಬೇಕು. ಹಂಗಾಗಿ ನಮ್ಮ ಕಡೆ ಬಹಳ ಮಕ್ಕಳ ದಾರಿಯನ್ನು ಮಾರ್ಕ್ಸ್ ಕಾರ್ಡು ತೀರ್ಮಾನ ಮಾಡುವುದಿಲ್ಲ, ಜೂನ್ ತಿಂಗಳ ಕೈಬಿಗಿ ತೀರ್ಮಾನ ಮಾಡುತ್ತದೆ. ಊರ ಹತ್ತಿರ ಯಾವ ಕಾಲೇಜು ಇದೆಯೋ, ಅಲ್ಲಿ ಯಾವ ವಿಷಯ ಇದೆಯೋ ಅದೇ ಗತಿ.

ಮಗಳ ಹೆಸರಿನಲ್ಲಿ ಎರಡು ಕುರಿ

ಮಗಳು ಎಂಟನೇ ಕ್ಲಾಸಿಗೆ ಹೋದ ವರ್ಷ, 2021ರಲ್ಲಿ, ಶೇಂಗಾ ಮಾರಿದ ದುಡ್ಡಿನಲ್ಲಿ ಎರಡು ಕೆಂಗುರಿ ಹೆಣ್ಣುಮರಿ ತಂದೆ. ನಮ್ಮ ಕಡೆಯ ಈ ಕೆಂಪು ಕುರಿ ಬಿಸಿಲು ತಡೆಯುತ್ತದೆ, ಹೊಲದ ಬದುವಿನ ಮೇಲೆ ಮೇಯ್ದು ಬದುಕುತ್ತದೆ. ಮನೆಯಲ್ಲಿ ಎಲ್ಲರಿಗೂ ಹೇಳಿಬಿಟ್ಟೆ: “ಇವು ಹುಡುಗೀವು. ಹಬ್ಬಕ್ಕಂತ, ಬೀಗರು ಬಂದ್ರಂತ ಇವನ್ನ ಮುಟ್ಟಂಗಿಲ್ಲ.” ಬ್ಯಾಂಕಿನಲ್ಲಿ ಇಡಬಹುದಿತ್ತಲ್ಲ ಎಂದು ಕೆಲವರು ಕೇಳಿದರು. ಬ್ಯಾಂಕಿನ ದುಡ್ಡು ಒಂದು ಔಷಧಿ ಚೀಟಿಗೆ ಖಾಲಿಯಾಗುತ್ತದೆ. ಕುರಿ ಮಾರಬೇಕಾದರೆ ಮನೆ ಮಂದಿಯೆಲ್ಲ ನೋಡುತ್ತಾರೆ, ಹುಡುಗಿಯೂ ಎದುರಿಗೆ ನಿಂತಿರುತ್ತಾಳೆ.

ಅವಳು ಹತ್ತನೇ ಕ್ಲಾಸಿಗೆ ಬಂದದ್ದು 2023ರಲ್ಲಿ. ಆ ವರ್ಷದ ಬರ ಎಲ್ಲರಿಗೂ ನೆನಪಿರಬೇಕು. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಸರಕಾರವೇ ಸಾರಿತು. ನಮ್ಮಲ್ಲಿ ಹೆಸರು ಒಣಗಿತು, ಶೇಂಗಾಕ್ಕೆ ಬೀಜದ ಖರ್ಚು ಬರಲಿಲ್ಲ, ಎರಿ ಹೊಲ ಬಿತ್ತಲೇ ಇಲ್ಲ. 2024ರ ಮೇ ತಿಂಗಳಲ್ಲಿ ಫಲಿತಾಂಶ ಬಂದಾಗ ಅವಳಿಗೆ 625ಕ್ಕೆ 541 ಅಂಕ. ಮನೆಯಲ್ಲಿ ಎರಡು ಚೀಲ ಜೋಳ ಬಿಟ್ಟರೆ ಏನೂ ಇಲ್ಲ. ಕುರಿಹಟ್ಟಿಯಲ್ಲಿ ತಾಯಿ, ಮರಿ ಸೇರಿ ಏಳು ಇದ್ದವು. ನಾಲ್ಕನ್ನು ಸಂತೆಗೆ ಹೊಡೆದೆ, ಇಪ್ಪತ್ತೊಂಬತ್ತು ಸಾವಿರ ಬಂತು. ಪಿಯುಸಿ ವಿಜ್ಞಾನದ ಫೀ, ಪುಸ್ತಕ, ಹಾಸಿಗೆ, ಪೆಟ್ಟಿಗೆ ಎಲ್ಲ ಅದರಲ್ಲೇ ಆಯಿತು.

ದುಡ್ಡಿಗಿಂತ ದೊಡ್ಡ ಜಗಳ ಬೇರೆಯೇ ಇತ್ತು. ನಮ್ಮ ಅಕ್ಕ ತನ್ನ ಮಗನಿಗೆ ಹುಡುಗಿಯನ್ನು ಕೇಳಲು ಬಂದಳು. “ತಮ್ಮಾ, ಹತ್ತು ಓದಿಸೀದಿ, ಸಾಕು. ಬರಗಾಲದಾಗ ಒಂದು ಬಾಯಿ ಕಡಿಮಿ ಆಕ್ಕತಿ. ನಾ ಏನ್ ಹೊರಗಿನಾಕಿ ಅಲ್ಲ” ಅಂದಳು. ಅಕ್ಕ ಕೆಟ್ಟವಳಲ್ಲ, ನಮ್ಮ ಕಷ್ಟ ನೋಡಿಯೇ ಕೇಳಿದ್ದು. ಆದರೆ ಹುಡುಗಿಗೆ ಆಗ ಹದಿನಾರು. “ಯಕ್ಕಾ, ಹದಿನೆಂಟು ತುಂಬೂದಕ್ಕ ಮೊದಲು ಮದುವಿ ಮಾಡಿದ್ರ ಕಾಯ್ದೆ ಪ್ರಕಾರ ನೀನೂ ಒಳಗ, ನಾನೂ ಒಳಗ. ತುಂಬಿದ ಮ್ಯಾಲೂ ಆಕಿ ಹೂಂ ಅಂದ್ರಷ್ಟ” ಅಂದೆ. ಅಕ್ಕ ಆರು ತಿಂಗಳು ನಮ್ಮ ಮನೆ ಹೊಸ್ತಿಲು ತುಳಿಯಲಿಲ್ಲ. ದೀಪಾವಳಿಗೆ ನಾನೇ ಹೋಗಿ ಕರೆದುಕೊಂಡು ಬಂದೆ. ಮಾತು ಈಗಲೂ ಪೂರ್ತಿ ಸರಿಹೋಗಿಲ್ಲ.

ಯಾವ ದಾರಿ ಎಲ್ಲಿಗೆ ಹೋಗುತ್ತದೆ

ಮಗಳಿಗೆ ಬಿಎಸ್ಸಿ ಅಗ್ರಿ ಓದುವ ಆಸೆ. ಇದಕ್ಕೆ ಪಿಯುಸಿಯಲ್ಲಿ ವಿಜ್ಞಾನವೇ ಬೇಕು, ಅದರಲ್ಲಿ ಜೀವಶಾಸ್ತ್ರ ಇರಬೇಕು. ಆಮೇಲೆ ಸಿಇಟಿ. ಊರ ಹತ್ತಿರದ ಕಾಲೇಜಿನಲ್ಲಿ ಕಲಾ ವಿಭಾಗ ಮಾತ್ರ ಇತ್ತು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಬಿಟ್ಟಿಯಾಗಿರುವುದರಿಂದ ಅಲ್ಲಿಗೆ ಹೋಗಿಬರಲು ಖರ್ಚೇ ಇರಲಿಲ್ಲ. ಆದರೆ ಜೂನ್‌ನಲ್ಲಿ ಕಲಾ ವಿಭಾಗಕ್ಕೆ ಹೆಸರು ಹಚ್ಚಿದರೆ ಕೃಷಿ ಪದವಿಯ ಬಾಗಿಲು ಆವತ್ತೇ ಮುಚ್ಚಿತು. ಕಲಾ ವಿಭಾಗ ಕೀಳೆಂದು ನಾನು ಹೇಳುವುದಿಲ್ಲ. ಶಿಕ್ಷಕರಾಗುವವರಿಗೆ, ಸರಕಾರಿ ಪರೀಕ್ಷೆ ಬರೆಯುವವರಿಗೆ ಅದೂ ದಾರಿಯೇ. ಯಾವ ಬಾಗಿಲು ಮುಚ್ಚುತ್ತಿದ್ದೇವೆ ಅನ್ನುವುದು ಫೀ ಕಟ್ಟುವ ಮೊದಲು ಮನೆಯಲ್ಲಿ ಗೊತ್ತಿರಬೇಕು, ಅಷ್ಟೇ.

ಕೃಷಿ, ತೋಟಗಾರಿಕೆ, ಪಶುವೈದ್ಯ ಪದವಿಗಳಲ್ಲಿ ರೈತರ ಮಕ್ಕಳಿಗೆಂದೇ ಬೇರೆ ಸೀಟು ಇಟ್ಟಿದ್ದಾರೆ. ಅದಕ್ಕೆ ಒಂದು ಪ್ರಾಯೋಗಿಕ ಪರೀಕ್ಷೆಯೂ ಇದೆ. ಬೀಜ, ಸಲಕರಣೆ, ಬೆಳೆ ಗುರುತಿಸಬೇಕು. ನಮ್ಮ ಮಕ್ಕಳಿಗೆ ಇದು ನೀರು ಕುಡಿದಷ್ಟು ಸಲೀಸು ಎಂದು ತಿಳಿದಿದ್ದೆ. ರಜೆಗೆ ಬಂದ ಮಗಳ ಗೆಳತಿಗೆ ಕೂರಿಗೆ ಯಾವುದು, ಎಡೆಕುಂಟೆ ಯಾವುದು ಗೊತ್ತಾಗಲಿಲ್ಲ. ಆ ಹುಡುಗಿ ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲೇ ಬೆಳೆದವಳು. ಓದುವ ಮಕ್ಕಳನ್ನು ರಜೆಯಲ್ಲಿ ಹೊಲಕ್ಕೆ ಕರೆದುಕೊಂಡು ಹೋಗಿರಿ, ಕೆಲಸಕ್ಕಲ್ಲದಿದ್ದರೂ ಈ ಪರೀಕ್ಷೆಗಾದರೂ ಬೇಕು.

ಮಗನ ದಾರಿ ಬೇರೆ. ಅವನಿಗೆ ಗಣಿತ ಅಂದರೆ ಜ್ವರ, ಕೈ ಮಾತ್ರ ಚುರುಕು. ಎಸ್ಸೆಸ್ಸೆಲ್ಸಿ ಆದ ಮೇಲೆ ಸರಕಾರಿ ಐಟಿಐಗೆ ಎಲೆಕ್ಟ್ರಿಷಿಯನ್ ಟ್ರೇಡಿಗೆ ಸೇರಿಸಿದೆ. ಎಲೆಕ್ಟ್ರಿಷಿಯನ್, ಫಿಟ್ಟರ್ ಎರಡೆರಡು ವರ್ಷ, ವೆಲ್ಡರ್ ಒಂದೇ ವರ್ಷ. ಬೀಗರ ಮನೆಯಲ್ಲಿ “ಐಟಿಐ ಏನ್ ಓದು?” ಎಂದು ಮೂಗು ಮುರಿದರು. ಒಂದು ವರ್ಷ ಅಪ್ರೆಂಟಿಸ್ ಮುಗಿಸಿ ಬಂದು ಈಗ ಹೋಬಳಿ ಊರಿನಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಬೇಸಿಗೆಯಲ್ಲಿ ನೀರಾವರಿಯವರ ಪಂಪು ಸುಟ್ಟಾಗ ಅವನಿಗೆ ಊಟಕ್ಕೂ ಪುರುಸೊತ್ತಿಲ್ಲ, ಮುಂಗಾರು ಬಿದ್ದರೆ ನನ್ನ ಜೊತೆ ಬಿತ್ತಲು ಬರುತ್ತಾನೆ. 2023ರಲ್ಲಿ ಹೊಲ ಬರಿದಾದಾಗ ಮನೆಗೆ ಜೋಳ ತಂದದ್ದು ಅವನ ಅಂಗಡಿ. ಆ ಬೀಗರ ಮೋಟಾರೂ ಅವನ ಹತ್ತಿರವೇ ಬರುತ್ತದೆ. ಎರಡು ವರ್ಷದ ಐಟಿಐ ಪಾಸಾದವರು ಪಾಲಿಟೆಕ್ನಿಕ್ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಬಹುದು, ಡಿಪ್ಲೊಮಾದಿಂದ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಹೋಗಬಹುದು. ಐಟಿಐ ಅಂದರೆ ದಾರಿ ಅಲ್ಲಿಗೇ ನಿಂತಿತು ಎಂದು ತಿಳಿಯುವುದು ತಪ್ಪು.

ಖಾಸಗಿಯವರ ಬಣ್ಣದ ಹಾಳೆಗಳ ಬಗ್ಗೆ ಒಂದು ಮಾತು. ನಮ್ಮ ಊರಿನ ಹುಡುಗನೊಬ್ಬ “ಕೃಷಿ ಡಿಪ್ಲೊಮಾ” ಎಂದು ನಂಬಿ ಎಲ್ಲಿಯೋ ನಲವತ್ತು ಸಾವಿರ ಕಟ್ಟಿ ಬಂದ. ಆ ಸರ್ಟಿಫಿಕೇಟನ್ನು ಎಲ್ಲಿಯೂ ತೆಗೆದುಕೊಳ್ಳಲಿಲ್ಲ. ಯಾವ ವಿಶ್ವವಿದ್ಯಾಲಯ, ಯಾವ ಮಂಡಳಿ ಪರೀಕ್ಷೆ ನಡೆಸುತ್ತದೆ ಎಂದು ಮೊದಲು ಕೇಳಿ. ಬಾಯಿಮಾತು ಬೇಡ, ಕಾಗದ ತೋರಿಸಲಿ.

ಫೇಲಾದರೆ?

2023-24ರಲ್ಲಿ ಎಸ್ಸೆಸ್ಸೆಲ್ಸಿಗೂ ಪಿಯುಸಿಗೂ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ಬಂದಿದ್ದವು. ನಮ್ಮ ಓಣಿಯ ಹುಡುಗನೊಬ್ಬ 2024ರಲ್ಲಿ ಗಣಿತದಲ್ಲಿ ಹೋದ. ಮೂರನೇ ದಿನಕ್ಕೆ ಗೋವಾ ಬಸ್ಸು ಹತ್ತಿದ, ಗಾರೆ ಕೆಲಸಕ್ಕೆ. ನಮ್ಮ ಕಡೆ ಇದು ಹೊಸದಲ್ಲ. ಹೈಸ್ಕೂಲಿನ ಗಣಿತದ ಮಾಸ್ತರು ಅವರಪ್ಪನಿಗೆ ತಿಳಿಸಿ ಹೇಳಿದರು, ಫೋನು ಹಚ್ಚಿ ಹುಡುಗನನ್ನು ಹಿಂದಕ್ಕೆ ಕರೆಸಿದರು. ಎರಡನೇ ಪರೀಕ್ಷೆಯಲ್ಲಿ ಪಾಸಾಗಿ ಅದೇ ವರ್ಷ ಐಟಿಐ ಸೇರಿದ. ಗೋವಾದ ದಿನಗೂಲಿ ಕೈಗೆ ಹತ್ತಿದ ಮೇಲೆ ಹುಡುಗ ಹಿಂದಕ್ಕೆ ಬರುವುದು ಕಷ್ಟ. ಕರೆಸುವುದಾದರೆ ಮೊದಲ ವಾರದಲ್ಲೇ ಕರೆಸಬೇಕು.

ಕಾಗದಪತ್ರದ ಕೆಲಸ

ಇದೇ ಎಲ್ಲಕ್ಕಿಂತ ತಲೆನೋವಿನದು. ರೈತರ ಮಕ್ಕಳ ಸೀಟು ಬೇಕೆಂದರೆ ರೈತ ಎಂದು ತೋರಿಸಬೇಕಲ್ಲ. ನಮ್ಮ ಹೊಲದ ಪಹಣಿ ತೀರಿಹೋದ ನಮ್ಮಪ್ಪನ ಹೆಸರಿನಲ್ಲೇ ಇತ್ತು. ಮಗಳು ಎಂಟನೇ ಕ್ಲಾಸಿನಲ್ಲಿದ್ದಾಗ ಪೌತಿ ಖಾತೆಗೆ ಅರ್ಜಿ ಕೊಟ್ಟೆ. ಮರಣ ಪ್ರಮಾಣ ಪತ್ರ, ವಂಶವೃಕ್ಷ, ಅಣ್ಣತಮ್ಮಂದಿರ, ಅಕ್ಕತಂಗಿಯರ ಒಪ್ಪಿಗೆ ಎಲ್ಲ ಸೇರಿ ಹನ್ನೊಂದು ತಿಂಗಳು ಹಿಡಿಯಿತು. ಆಗ ಅಕ್ಕನ ಜೊತೆ ಮಾತು ಚೆನ್ನಾಗಿತ್ತು, ಸಹಿ ಹಾಕಿದಳು. 2024ರಲ್ಲಿ ಕೇಳಿದ್ದರೆ ಏನಾಗುತ್ತಿತ್ತೋ! ಪಹಣಿಯಲ್ಲಿ ಹೆಸರು ಬಂದ ಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ ಐಡಿ ಆಯಿತು. 2021ರಲ್ಲಿ ರೈತ ವಿದ್ಯಾನಿಧಿ ಎಂದು ಶುರು ಮಾಡಿದಾಗ ಪಿಯುಸಿ, ಐಟಿಐಗೆ ಹುಡುಗರಿಗೆ 2,500, ಹುಡುಗಿಯರಿಗೆ 3,000 ರೂಪಾಯಿ ಇಟ್ಟಿದ್ದರು. ಅದಕ್ಕೂ ಈ ಐಡಿಯೇ ಆಧಾರ. ಸರಕಾರದ ವಿದ್ಯಾರ್ಥಿವೇತನ ಬಂದಾಗ ಬಂತು, ಅದನ್ನು ನಂಬಿ ಫೀ ಕಟ್ಟುವ ತಾರೀಖು ಇಟ್ಟುಕೊಳ್ಳಬೇಡಿ.

ಸಿಇಟಿ ಸೀಟಿನಲ್ಲಿ ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ನೂರಕ್ಕೆ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 5 ಮೀಸಲು ಇದೆ. ಹತ್ತೂ ವರ್ಷ ಪೂರ್ತಿ ಓದಿರಬೇಕು. ಎಂಟಕ್ಕೋ ಒಂಬತ್ತಕ್ಕೋ ಪೇಟೆಯ ಇಂಗ್ಲಿಷ್ ಶಾಲೆಗೆ ಹಾಕಿದರೆ ಎರಡೂ ಹೋಗುತ್ತವೆ. ಪೇಟೆ ಶಾಲೆಗೆ ಸಾಲ ಮಾಡುವವರು ಇದನ್ನು ತಿಳಿದೇ ಮಾಡಲಿ. ನಮ್ಮ ಭಾಗದವರಿಗೆ 2013ರಿಂದ 371ಜೆ ಕಲಂ ಇದೆ. ಇಲ್ಲಿನ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು ಸ್ಥಳೀಯರಿಗೆ. ಅದರ ಅರ್ಹತಾ ಪತ್ರಕ್ಕೆ ಸಹಾಯಕ ಆಯುಕ್ತರ ಸಹಿ ಬೇಕು. ಸೀಟು ಹಂಚುವ ವಾರದಲ್ಲಿ ಆ ಕಚೇರಿಯ ಮುಂದೆ ನಿಂತ ಪಾಳಿ ನೋಡಿದವರಿಗೆ ಗೊತ್ತು. ಜನವರಿಯಲ್ಲಿ ಹೋದರೆ ಅಲ್ಲಿ ಚಹಾ ಕುಡಿದು ಬರುವಷ್ಟು ಪುರುಸೊತ್ತು ಇರುತ್ತದೆ.

ಹೆಸರಿನ ಅಕ್ಷರವನ್ನೂ ನೋಡಿಕೊಳ್ಳಿ. ಶಾಲೆಯ ದಾಖಲೆಯಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು ಇದ್ದರೆ ಪ್ರತಿ ಕಚೇರಿಯಲ್ಲೂ ಅದೇ ಪ್ರಶ್ನೆ. ಹತ್ತನೇ ಕ್ಲಾಸಿನ ಮಕ್ಕಳ ಪಟ್ಟಿಯನ್ನು ಶಾಲೆಯವರು ಮಂಡಳಿಗೆ ಕಳಿಸುವ ಮುಂಚೆ ತಿದ್ದಿಸುವುದು ಸುಲಭ. ಮಾರ್ಕ್ಸ್ ಕಾರ್ಡು ಬಂದ ಮೇಲೆ ತಿದ್ದಿಸಲು ಹೋದವರ ಚಪ್ಪಲಿ ಸವೆದದ್ದನ್ನು ನೋಡಿದ್ದೇನೆ.

ಮಗಳು ಈಗ ಹಾಸ್ಟೆಲಿನಲ್ಲಿದ್ದು ವಿಜ್ಞಾನ ಓದುತ್ತಿದ್ದಾಳೆ. ಮೊದಲ ಕಿರುಪರೀಕ್ಷೆಯಲ್ಲಿ ಭೌತಶಾಸ್ತ್ರ ಕೈಕೊಟ್ಟಿತ್ತು. ಹತ್ತರವರೆಗೆ ಕನ್ನಡದಲ್ಲಿ ಓದಿ ಒಮ್ಮೆಲೇ ಇಂಗ್ಲಿಷಿಗೆ ಬಂದರೆ ಮೊದಲ ಆರು ತಿಂಗಳು ಹಂಗೇ. ಹತ್ತನೇ ಕ್ಲಾಸು ಮುಗಿದ ರಜೆಯಲ್ಲೇ ವಿಜ್ಞಾನದ ಇಂಗ್ಲಿಷ್ ಪದಗಳನ್ನು ಬರೆದು ಬರೆದು ಕಲಿಯಲು ಅವಳ ಮೇಡಂ ಹೇಳಿದ್ದರು, ಅದರಿಂದ ಪಾರಾದಳು. ಕೃಷಿ ಸೀಟು ಸಿಗುತ್ತದೋ ಇಲ್ಲವೋ ಅವಳ ಸಿಇಟಿ ಹೇಳಬೇಕು. ಸಿಗದಿದ್ದರೆ ಬಿಎಸ್ಸಿ ನರ್ಸಿಂಗಿಗೂ ಇದೇ ಪಿಯುಸಿ ನಡೆಯುತ್ತದೆ ಎಂದು ಅವಳೇ ವಿಚಾರಿಸಿ ಇಟ್ಟುಕೊಂಡಿದ್ದಾಳೆ.

ಹಟ್ಟಿಯಲ್ಲಿ ಉಳಿದ ಮೂರು ಕುರಿ ಈಗ ಐದಾಗಿವೆ. ಅವು ತಮ್ಮನ ಮಗನ ಹೆಸರಿಗೆ. ಅವನಿಗೆ ಟ್ರ್ಯಾಕ್ಟರ್ ರಿಪೇರಿ ಹುಚ್ಚು, ಡೀಸೆಲ್ ಮೆಕ್ಯಾನಿಕ್ ಎನ್ನುತ್ತಾನೆ. ಅವರವ್ವನಿಗೆ ಪಿಯುಸಿ ಓದಲಿ ಎಂದು ಆಸೆ. ಸುಗ್ಗಿ ಮುಗಿದ ಮೇಲೆ ಇಬ್ಬರನ್ನೂ ಕರೆದುಕೊಂಡು ಐಟಿಐ ಒಂದು, ಪಿಯು ಕಾಲೇಜು ಒಂದು, ಎರಡನ್ನೂ ನೋಡಿಕೊಂಡು ಬರುವುದೆಂದು ಮಾತಾಡಿದ್ದೇವೆ.