ಎರಡು ಲೈನ್ ಇದ್ರ ಸಾಕಾ? ವಿಳಾಸಾನೂ ಸ್ವಂತದ್ದು ಬೇಕ್ರಿ

ಇಳಕಲ್ಲಿನಾಗ ಮನಿಮನಿಗೆ ಇಂಟರ್‌ನೆಟ್ ಕೊಡೋ ಒಂದು ಸಣ್ಣ ನೆಟ್‌ವರ್ಕ್ ಐತಿ ಅಂತ ತಿಳ್ಕೊಳ್ರಿ. ಫೈಬರ್ ಕಡಿದ್ರೂ ನೆಟ್ ನಿಲ್ಲಬಾರದು ಅಂತ ಎರಡು ಕಂಪನಿಗಳಿಂದ ಲೈನ್ ತಗೊಂಡಾರ. ಆದ್ರ ಐಪಿ ವಿಳಾಸ ಮೊದಲ ಕಂಪನಿದು. ಆ ಲೈನ್ ಹೋದ್ರ, ಸೀರಿ ಅಂಗಡಿಯ ಸರ್ವರ್‌ಗೆ ಹೊರಗಿನಿಂದ ಬರೋ ದಾರಿನೇ ಬಂದ್. ಕಂಪನಿ ಬಿಟ್ರ ವಿಳಾಸಾನೂ ಹೋಯ್ತು, ಬಾಡಿಗಿ ಮನಿ ಇದ್ದಂಗ.

ಹಂಗಾದ್ರ ಏನ್ ಮಾಡಬೇಕು? ಸ್ವಂತ ವಿಳಾಸ ಪಡೀಬೇಕು. ಭಾರತದಲ್ಲಿ ಇದಕ್ಕೆ 2012ರಲ್ಲಿ ಶುರುವಾದ, ನಿಕ್ಸಿ ಸಂಸ್ಥೆಯ ‘ಐರಿನ್’ ನೋಂದಣಿ ವಿಭಾಗ ಐತಿ. ವಿಳಾಸದ ಜೊತೆ ಎಎಸ್ ನಂಬರ್‌ಗೂ ಅರ್ಜಿ ಹಾಕಬೇಕು. ಆಮೇಲೆ ‘ಈ ವಿಳಾಸಗಳು ನಮ್ಮ ಹತ್ರ ಅದಾವ’ ಅಂತ ಬಿಜಿಪಿ ಮೂಲಕ ಎರಡೂ ಲೈನಿನಿಂದ ಸಾರಬಹುದು. ಒಂದು ಕಡಿದ್ರ ಜಗತ್ತು ಇನ್ನೊಂದರಿಂದ ಬರ್ತೈತಿ.

256ಕ್ಕಿಂತ ಸಣ್ಣ ಐಪಿವಿ4 ಗುಂಪನ್ನು ಬಹುತೇಕ ನೆಟ್‌ವರ್ಕ್‌ಗಳು ಒಪ್ಪಂಗಿಲ್ಲ. ಇರೋದೇ ಸುಮಾರು 430 ಕೋಟಿ ಐಪಿವಿ4 ವಿಳಾಸ. ಜಾಗತಿಕ ದಾಸ್ತಾನು 2011ರ ಫೆಬ್ರುವರಿಯಲ್ಲೇ ಖಾಲಿ. ಅದಕ್ಕ ಐಪಿವಿ6 ಕೂಡ ಕೇಳ್ರಿ.

ಇನ್ನೊಂದು ಮಾತು: ಎರಡೂ ಫೈಬರ್ ಬರೋ ದಾರಿ ಬ್ಯಾರೆ ಬ್ಯಾರೆ ಇರಲಿ. ಒಂದೇ ಗುಂಡಿಯಾಗಿದ್ರ ಜೆಸಿಬಿಗೆ ಒಂದೇ ಏಟು ಸಾಕು!