ಹಾರಲಿಕ್ಕೆ ಒಂದೂಕಾಲು ತಾಸು, ಮುಟ್ಟಲಿಕ್ಕೆ?

ನಕಾಶೆ ಮೇಲೆ ದಾರ ಎಳೆದು ನೋಡಿ. ಕಾಗವಾಡ ತಾಲ್ಲೂಕಿನ ಜುಗೂಳದಿಂದ ಕೊಲ್ಹಾಪುರದ ವಿಮಾನ ನಿಲ್ದಾಣ ನಲವತ್ತು ಕಿ.ಮೀ. ಚಿಲ್ಲರೆ. ಬೆಳಗಾವಿಯ ಸಾಂಬ್ರಾ ತೊಂಬತ್ತರ ಮೇಲೆ. ಹಂಗಾದ್ರ ಕೊಲ್ಹಾಪುರನ ಸನಿ ಅಲ್ಲೇನ್ರಿ?

ದಾರಕ್ಕೇನು, ಹೊಳಿ ಅಡ್ಡ ಬರೂದಿಲ್ಲ. ಜುಗೂಳದವರಿಗೆ ಕೃಷ್ಣೆ ಅಡ್ಡ. ಆಚೆ ದಂಡೆಯ ಖಿದ್ರಾಪುರದ ಕೋಪೇಶ್ವರ ಗುಡಿ ಇಷ್ಟು ಹತ್ತಿರ, ಆದರೆ ಹಳೆಯ ಮೋಟಾರು ದಾರಿ ಕಾಗವಾಡ, ಮಿರಜ, ಜಯಸಿಂಗಪುರ ಸುತ್ತಿಯೇ ಕೊಲ್ಹಾಪುರ ಮುಟ್ಟುವುದು. ಬೆಳಗಾವಿಗೆ ಹೋಗುವವರಿಗೂ ಇದೇ ಹೊಳಿ ದಾಟುವ ಕೆಲಸ ತಪ್ಪಿದ್ದಲ್ಲ.

ಆಕಾಶದ ಲೆಕ್ಕ ಮಾತ್ರ ಸಲೀಸು. ಸಾಂಬ್ರಾದಿಂದ ಬೆಂಗಳೂರಿನ ದೇವನಹಳ್ಳಿ ನೇರವಾಗಿ ಸುಮಾರು 445 ಕಿ.ಮೀ., ಕೊಲ್ಹಾಪುರದಿಂದ ಸುಮಾರು 530. ವೇಳಾಪಟ್ಟಿಯಲ್ಲಿ ಬೆಳಗಾವಿಯವರಿಗೆ ಒಂದೂಕಾಲು ತಾಸಿನ ಆಸುಪಾಸು. ಅದೂ ಬರೀ ಹಾರುವ ಹೊತ್ತಲ್ಲ. ವಿಮಾನ ನಿಂತ ಜಾಗ ಬಿಟ್ಟಲ್ಲಿಂದ ಅಲ್ಲಿ ಹೋಗಿ ನಿಲ್ಲುವ ತನಕ. ಕೌಂಟರು ಒಂದು ತಾಸು ಮೊದಲೇ ಮುಚ್ಚುತ್ತದೆ. ಬಸ್ಸಿನಂಗ ಓಡಿ ಹತ್ತಾಕ ಬರೂದಿಲ್ಲ!

ಎರಡೂ ನಿಲ್ದಾಣಗಳ ನಡುವೆ ಗಾಳಿಯಲ್ಲಿ ನೂರು ಕಿ.ಮೀ. ಕೂಡ ಇಲ್ಲ. 2019ರ ಆಗಸ್ಟ್‌ನಲ್ಲಿ ವೇದಗಂಗೆ ಉಕ್ಕಿ ನಿಪ್ಪಾಣಿ ಹತ್ತಿರದ ಯಮಗರ್ಣಿಯಲ್ಲಿ ಹೆದ್ದಾರಿಯೇ ನೀರೊಳಗಾಯಿತು. ಟಿಕೀಟು ಕಿಸೆಯಲ್ಲಿದ್ದರೂ ಆ ದಾರಿ ಹಿಡಿದವರಿಗೆ ಮುಂದೆ ಹೋಗುವಂತಿರಲಿಲ್ಲ.

ದೇವನಹಳ್ಳಿಯಲ್ಲಿ ಇಳಿದರೂ ಮೆಜೆಸ್ಟಿಕ್ ಇನ್ನೂ ಮೂವತ್ತೈದು ಕಿ.ಮೀ. ದೂರ. ರಾತ್ರಿ ಬಸ್ಸು ಅಲ್ಲಿಗೇ ತಂದು ಇಳಿಸುತ್ತದೆ.